ರಾಷ್ಟ್ರಾಭಿಮಾನ, ಪ್ರದೇಶಾಭಿಮಾನ ಮತ್ತು ಕಲ್ಯಾಣ ಕರ್ನಾಟಕ: ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಧರಣಿಯ ಟೆಂಟಿನಲ್ಲಿ ಕೂತವರು, ಕಾಲುವೆ ನೀರಿಗೆ ಕಾದಿರುವ ರೈತರು, ನೌಕರಿಯ ನಿಮಿತ್ತ ಬೆಂಗಳೂರು ಸೇರಿದವರು ಎಲ್ಲರೂ ಒಂದಲ್ಲ ಒಂದು ಸಂದರ್ಭದಲ್ಲಿ ಎತ್ತುವ ಪ್ರಶ್ನೆಗಳಿವು. ಉತ್ತರಗಳಲ್ಲಿ ಚರಿತ್ರೆ ಮತ್ತು ಕಾನೂನಿನ ಸಂಗತಿಗಳಿವೆ. ಅಭಿಪ್ರಾಯ ಬಂದ ಕಡೆ ಅದನ್ನು ಅಭಿಪ್ರಾಯವೆಂದೇ ಹೇಳಲಾಗಿದೆ.

1. ಪ್ರದೇಶಾಭಿಮಾನ ಹೆಚ್ಚಿದಷ್ಟೂ ರಾಷ್ಟ್ರಾಭಿಮಾನ ಕುಗ್ಗುತ್ತದೆಯೇ?

ನಮ್ಮ ಭಾಗದ ಚರಿತ್ರೆ ಹಾಗೆ ಹೇಳುವುದಿಲ್ಲ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಬ್ರಿಟಿಷರು ಎಳೆದ ಗಡಿಗಳನ್ನು ಬಿಟ್ಟು ಭಾಷೆಯ ಆಧಾರದ ಮೇಲೆ ಕಟ್ಟಿಕೊಳ್ಳಲು ಒಪ್ಪಿತು. ಹೀಗಾಗಿ ಕನ್ನಡಿಗರ ರಾಜ್ಯ ಹುಟ್ಟುವುದಕ್ಕೆ ಮೂರು ದಶಕಕ್ಕೂ ಹಿಂದೆಯೇ ಕನ್ನಡಿಗರ ಪ್ರಾಂತ ಕಾಂಗ್ರೆಸ್ ಸಮಿತಿ ಹುಟ್ಟಿತ್ತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದ ಸಂದರ್ಭದಲ್ಲೇ, ಅದೇ ಊರಿನಲ್ಲಿ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ನಡೆಯಿತು. ದೇಶದ ಸ್ವಾತಂತ್ರ್ಯ ಕೇಳಿದವರೂ ಕನ್ನಡ ನಾಡು ಕೇಳಿದವರೂ ಬಹುಮಟ್ಟಿಗೆ ಒಂದೇ ಮಂದಿ.

ರಾಯಚೂರು ಮತ್ತು ಕೊಪ್ಪಳದ ಮಟ್ಟಿಗೆ ಈ ಮಾತು ಇನ್ನಷ್ಟು ನಿಜ. ಇವೆರಡೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1947ರ ಆಗಸ್ಟ್ 15ರಂದು ಉಳಿದ ದೇಶ ಬಾವುಟ ಹಾರಿಸಿದಾಗ ಇಲ್ಲಿ ಹಾರಿಸುವುದು ಅಪರಾಧವಾಗಿತ್ತು. ಆಗ ಅಳವಂಡಿ ಶಿವಮೂರ್ತಿಸ್ವಾಮಿಯವರಂಥವರು ಗಡಿ ದಾಟಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಮುಂಡರಗಿಯಲ್ಲಿ ಶಿಬಿರ ಹೂಡಿ ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ವಿರುದ್ಧ ಹೋರಾಟ ನಡೆಸಿದರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಅದೇ ಶಿವಮೂರ್ತಿಸ್ವಾಮಿಯವರನ್ನು ಕುಷ್ಟಗಿ ಕ್ಷೇತ್ರದ ಜನ ಪಕ್ಷೇತರರಾಗಿ ಗೆಲ್ಲಿಸಿ ಕಳಿಸಿದರು. ಭಾರತ ಸೇರಲು ಹೋರಾಡಿದ ಜನ ಎಂಟು ವರ್ಷದೊಳಗೆ ಹೈದರಾಬಾದ್ ರಾಜ್ಯವನ್ನು ಒಡೆದು ಕನ್ನಡ ರಾಜ್ಯ ಸೇರಬೇಕೆಂದು ಕೇಳಿದಾಗ ಅವರ ದೇಶಪ್ರೇಮ ಕಡಿಮೆಯಾಗಿತ್ತು ಎಂದು ಹೇಳಲು ಯಾವ ಆಧಾರವೂ ಇಲ್ಲ.

2. ಹಾಗಾದರೆ ಪ್ರಾದೇಶಿಕ ಬೇಡಿಕೆ ಸಂಕುಚಿತವಾಗುವುದು ಯಾವಾಗ?

ಬೇಡಿಕೆ ಎಷ್ಟು ಜೋರಾಗಿದೆ, ಬಂದ್ ಎಷ್ಟು ದಿನ ನಡೆಯಿತು ಎಂಬುದರಿಂದ ಇದನ್ನು ಅಳೆಯಲಾಗದು. ನನಗೆ ಸರಿಯೆನಿಸುವ ಪರೀಕ್ಷೆ ಒಂದೇ: ನಮಗಿಂತ ಮೇಲಿನವರಿಂದ ಯಾವ ನಿಯಮದ ಮೇಲೆ ನಾವು ಪಾಲು ಕೇಳುತ್ತೇವೋ, ಅದೇ ನಿಯಮದ ಮೇಲೆ ನಮ್ಮ ಕೆಳಗಿನವರು ಪಾಲು ಕೇಳಿದರೆ ಕೊಡುತ್ತೇವೆಯೇ? ಕೊಡುತ್ತೇವೆ ಎಂದಾದರೆ ಬೇಡಿಕೆ ಎಷ್ಟೇ ಸ್ಥಳೀಯವಾಗಿದ್ದರೂ ಅದು ಇಡೀ ದೇಶಕ್ಕೆ ಅನ್ವಯಿಸಬಲ್ಲ ನ್ಯಾಯದ ಮಾತು. ಕೊಡುವುದಿಲ್ಲ ಎಂದಾದರೆ ಅದಕ್ಕೆ ರಾಷ್ಟ್ರಹಿತವೆಂದು ಹೆಸರಿಟ್ಟರೂ ಅದು ಒಂದು ಗುಂಪಿನ ಲಾಭವೇ. ದಿಲ್ಲಿಯಲ್ಲಿ ಕೂತು ಆಡಿದ ಮಾತೆಲ್ಲ ರಾಷ್ಟ್ರೀಯ, ಮಾನ್ವಿಯಲ್ಲಿ ನಿಂತು ಆಡಿದ್ದೆಲ್ಲ ಪ್ರಾದೇಶಿಕ ಎಂಬ ಎಣಿಕೆಯನ್ನು ಈ ಕಾರಣಕ್ಕೇ ಒಪ್ಪಲಾಗದು.

3. ಬಳ್ಳಾರಿ ಯಾವ ರಾಜ್ಯಕ್ಕೆ ಸೇರಬೇಕೆಂಬುದು ಅಷ್ಟು ದೊಡ್ಡ ವಿವಾದವಾಗಿದ್ದೇಕೆ?

ಬಳ್ಳಾರಿಯ ದಾರಿ ರಾಯಚೂರಿನದಕ್ಕಿಂತ ಬೇರೆ. 1800ರಲ್ಲಿ ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಅದೂ ಸೇರಿತ್ತು. ಅಲ್ಲಿಂದ 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು. 1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಅವರು ಆಂಧ್ರ ರಾಜ್ಯಕ್ಕಾಗಿ ನಡೆಸಿದ ಉಪವಾಸದಲ್ಲಿ ತೀರಿಕೊಂಡ ಮೇಲೆ ಪ್ರಧಾನಿ ನೆಹರೂ ಆಂಧ್ರ ರಾಜ್ಯ ರಚನೆಯನ್ನು ಪ್ರಕಟಿಸಿದರು. ಆಗ ಕನ್ನಡ ಮತ್ತು ತೆಲುಗು ಎರಡನ್ನೂ ಮನೆಮಾತಾಗಿ ಉಳ್ಳ ಬಳ್ಳಾರಿ ಜಿಲ್ಲೆಯನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲೂಕಿನ ಬಗ್ಗೆ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವಿಚಾರಣೆ ನಡೆದು, ಅದು ಮೈಸೂರಿಗೆ ಸೇರಬೇಕೆಂದು ತೀರ್ಮಾನವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ವಿಲೀನೋತ್ಸವದ ಚಪ್ಪರವನ್ನು ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬ್ ಅವರು ಆಸಿಡ್ ದಾಳಿಗೆ ಸಿಕ್ಕಿ ಪ್ರಾಣ ಬಿಟ್ಟರು. ಏಕೀಕರಣದ ಹುತಾತ್ಮರೆಂದು ಊರು ಇಂದಿಗೂ ನೆನೆಯುವ ಈ ವ್ಯಕ್ತಿ ಪಿಂಜಾರ ಮನೆತನದ ಮುಸ್ಲಿಮರೆಂಬುದನ್ನು, ಕನ್ನಡತನಕ್ಕೆ ಒಂದೇ ಮತದ ಗುರುತು ಹಚ್ಚಲು ಹೊರಡುವವರು ಗಮನಿಸಬೇಕು.

ವಿವಾದ ಅಷ್ಟಕ್ಕೇ ಮುಗಿಯಲಿಲ್ಲ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ವರದಿಯಲ್ಲಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳನ್ನೂ ಮಲ್ಲಾಪುರ ಉಪತಾಲೂಕಿನ ಒಂದು ಭಾಗವನ್ನೂ ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ತುಂಗಭದ್ರಾ ಅಣೆಕಟ್ಟಿನ ನೀರನ್ನು ಬಳಸುವ ರಾಯಲಸೀಮೆಯ ಹಿತವೇ ಅದರ ಮುಖ್ಯ ಕಾರಣವಾಗಿತ್ತು. ಇಲ್ಲಿ ಭಾರೀ ಪ್ರತಿಭಟನೆ ನಡೆದು ಶಿಫಾರಸು ಕೈಬಿಟ್ಟುಹೋಯಿತು. ರಾಜ್ಯದ ಗಡಿಯನ್ನು ಬದಲಿಸುವ ಬದಲು ಎರಡೂ ರಾಜ್ಯಗಳ ಪರವಾಗಿ ಅಣೆಕಟ್ಟನ್ನು ನೋಡಿಕೊಳ್ಳುವ ತುಂಗಭದ್ರಾ ಮಂಡಳಿಯೇ ಮುಂದುವರಿಯಿತು. ಒಕ್ಕೂಟ ವ್ಯವಸ್ಥೆ ಅತ್ಯಂತ ಜಾಣತನದಿಂದ ನಡೆದುಕೊಂಡ ಸಂದರ್ಭಗಳಲ್ಲಿ ಇದೂ ಒಂದು ಎಂದು ನನಗೆ ಅನಿಸುತ್ತದೆ: ನೀರಿಗಾಗಿ ಜನರನ್ನು ಹಂಚುವ ಅಗತ್ಯ ಬೀಳಲಿಲ್ಲ, ನೀರನ್ನೇ ಹಂಚಿದರೆ ಸಾಕಾಯಿತು.

4. ಸೆಪ್ಟೆಂಬರ್ 17, ಅಕ್ಟೋಬರ್ 1, ನವೆಂಬರ್ 1: ಇಷ್ಟೊಂದು ದಿನಾಚರಣೆಗಳು ಗೊಂದಲವಲ್ಲವೇ?

ಗೊಂದಲವೇನಿಲ್ಲ. ಸೆಪ್ಟೆಂಬರ್ 17 ನಿಜಾಮರ ಆಳ್ವಿಕೆ ಕೊನೆಗೊಂಡ ದಿನ. ಮದರಾಸಿನಲ್ಲಿದ್ದ ಬಳ್ಳಾರಿಗೆ ಅದು ತನ್ನ ಅನುಭವದ ದಿನವಲ್ಲ. ಅಕ್ಟೋಬರ್ 1 ಬಳ್ಳಾರಿ ಮೈಸೂರು ಸೇರಿದ ದಿನ. ರಾಯಚೂರಿಗೆ ಅದು ತಟ್ಟುವುದಿಲ್ಲ. ನವೆಂಬರ್ 1 ಇಬ್ಬರದೂ. ಮೂರೂ ತಾರೀಕುಗಳು ಆಗಸ್ಟ್ 15ರ ಜೊತೆ ಎಂದೂ ಜಗಳವಾಡಿಲ್ಲ.

5. 371ಜೆ ಎಂದರೇನು? ಒಂದು ಭಾಗಕ್ಕೆ ಮಾತ್ರ ವಿಶೇಷ ಸ್ಥಾನ ಕೊಡುವುದು ದೇಶವನ್ನು ಒಡೆದಂತಲ್ಲವೇ?

ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಸೇರಿದ ವಿಧಿ ಇದು. 2012ರ ಮಾರ್ಚಿನಲ್ಲಿ ರಾಜ್ಯದ ಎರಡೂ ಸದನಗಳು ಇದಕ್ಕಾಗಿ ನಿರ್ಣಯ ಮಾಡಿದವು. ಅದೇ ಡಿಸೆಂಬರಿನಲ್ಲಿ ಸಂಸತ್ತು ತಿದ್ದುಪಡಿಯನ್ನು ಅಂಗೀಕರಿಸಿತು. ರಾಷ್ಟ್ರಪತಿಗಳ ಅಂಕಿತ 2013ರ ಜನವರಿ 1ರಂದು ಬಿತ್ತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳಿಗೆ ಅದು ಅನ್ವಯವಾಯಿತು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯೂ ಸೇರಿ ಈಗ ಏಳಾಗಿವೆ. ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅಭಿವೃದ್ಧಿ ವೆಚ್ಚಕ್ಕೆ ಹಣದ ನ್ಯಾಯಯುತ ಹಂಚಿಕೆ, ಶಿಕ್ಷಣ ಮತ್ತು ನೌಕರಿಯಲ್ಲಿ ಸ್ಥಳೀಯರಿಗೆ ಮೀಸಲಾತಿ ಎಂಬ ಮೂರು ಸಂಗತಿಗಳು ಅದರಲ್ಲಿವೆ. ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ ಎ ಮತ್ತು ಬಿಗೆ ಶೇ 75, ಗ್ರೂಪ್ ಸಿಗೆ ಶೇ 80, ಗ್ರೂಪ್ ಡಿಗೆ ಶೇ 85 ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8.

ದೇಶ ಒಡೆಯುತ್ತದೆಯೇ ಎಂಬ ಅಂಜಿಕೆಗೆ ಸಂವಿಧಾನವೇ ಉತ್ತರ ಕೊಟ್ಟಿದೆ. 371ನೇ ವಿಧಿಯ ಅಡಿಯಲ್ಲಿ ಮಹಾರಾಷ್ಟ್ರದ ವಿದರ್ಭ ಮತ್ತು ಮರಾಠವಾಡ, ಗುಜರಾತಿನ ಸೌರಾಷ್ಟ್ರ ಮತ್ತು ಕಚ್ಛ್ ಪ್ರದೇಶಗಳಿಗೆ ಮೊದಲೇ ಅವಕಾಶವಿತ್ತು. 371ಎ ನಾಗಾಲ್ಯಾಂಡಿಗೆ, 371ಜಿ ಮಿಜೋರಾಮಿಗೆ, 371ಡಿ ಅವಿಭಜಿತ ಆಂಧ್ರಕ್ಕೆ ಬಂದವು. ಇಂಥ ವಿಧಿಗಳು ಬಂದದ್ದರಿಂದ ಈ ಯಾವ ಪ್ರದೇಶವೂ ಭಾರತದಿಂದ ದೂರ ಸರಿಯಲಿಲ್ಲ.

ಅಂಗೀಕಾರ ಸುಲಭಕ್ಕೆ ಬಂದದ್ದಲ್ಲ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ್ದರು; ಕೇಂದ್ರ ಒಮ್ಮೆ ಸ್ಪಷ್ಟವಾಗಿ ನಿರಾಕರಿಸಿಯೂ ಇತ್ತು. ಹರಪನಹಳ್ಳಿಯ ಕಥೆ ನೋಡಿದರೆ ಈ ವಿಧಿಯ ಬೆಲೆ ಗೊತ್ತಾಗುತ್ತದೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋದ ಆ ತಾಲೂಕು 371ಜೆ ಬಂದ ಮೇಲೆ ಹಟ ಹಿಡಿದು ಮರಳಿ ಬಳ್ಳಾರಿಗೆ ಬಂತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆಯ ಹೆಸರಿನ ಮೇಲಿನ ಅಭಿಮಾನವನ್ನು ನೌಕರಿಯ ಲೆಕ್ಕ ಮೀರಿಸಿತು ಎಂದು ಯಾರಾದರೂ ನಕ್ಕರೆ, ನಗುವವರ ಮನೆಯಲ್ಲಿ ಉದ್ಯೋಗಕ್ಕೆ ಅಲೆಯುವ ಮಕ್ಕಳಿಲ್ಲವೆಂದೇ ಅರ್ಥ.

6. ‘ಎಚ್‌ಕೆ’ ಅಭ್ಯರ್ಥಿಗಳಿಂದ ಉಳಿದ ಕರ್ನಾಟಕದವರಿಗೆ ಅನ್ಯಾಯವಾಗುತ್ತಿದೆ ಎಂಬ ದೂರು ನಿಜವೇ?

ಹೈದರಾಬಾದ್ ಕರ್ನಾಟಕ ಎಂದಿದ್ದ ಪ್ರದೇಶದ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕ ಎಂದಾದರೂ ಕೋಚಿಂಗ್ ಸೆಂಟರುಗಳಲ್ಲಿ ಇಂದಿಗೂ ‘ಎಚ್‌ಕೆ’ ಎಂದೇ ಮಾತು. ಅಧಿಸೂಚನೆಗಳಲ್ಲಿ ಹುದ್ದೆಗಳು ಎರಡು ಕಂಬಗಳಲ್ಲಿ ಬರುತ್ತವೆ: ಸ್ಥಳೀಯ ಮೀಸಲಾತಿ ಇಲ್ಲದ ಉಳಿಕೆ ಮೂಲ ವೃಂದ, ಅಂದರೆ ‘ಆರ್‌ಪಿಸಿ’, ಒಂದು, ಸ್ಥಳೀಯರಿಗೆ ಮೀಸಲಾದ ಎಚ್‌ಕೆ ಇನ್ನೊಂದು. ಸಹಾಯಕ ಆಯುಕ್ತರ ಕಚೇರಿಯಿಂದ ಪಡೆದ ಅರ್ಹತಾ ಪ್ರಮಾಣಪತ್ರ ಇದ್ದವರು ಮಾತ್ರ ಎರಡನೆಯದಕ್ಕೆ ಅರ್ಹರು. ಇಲ್ಲಿ ಹುಟ್ಟಿದವರು, ಇಲ್ಲವೇ 2013ರ ಜನವರಿ 1ಕ್ಕೆ ಮುಂಚೆ ಕನಿಷ್ಠ 10 ವರ್ಷ ಇಲ್ಲಿ ನೆಲೆಸಿದವರು, ಮನೆಮಾತು ಯಾವುದೇ ಇದ್ದರೂ, ಜಾತಿ ಯಾವುದೇ ಇದ್ದರೂ, ಅದನ್ನು ಪಡೆಯಬಹುದು.

ಎಚ್‌ಕೆ ಅಭ್ಯರ್ಥಿ ಅಂಕದ ಬಲದ ಮೇಲೆ ಆರ್‌ಪಿಸಿ ಹುದ್ದೆಗೂ ಸ್ಪರ್ಧಿಸಬಹುದೇ, ಯಾವ ಪಟ್ಟಿಯನ್ನು ಮೊದಲು ಸಿದ್ಧಪಡಿಸಬೇಕು ಎಂಬುದೇ ನಿಜವಾದ ತಕರಾರು. ಈ ಬಗ್ಗೆ ಸರ್ಕಾರದ ಸುತ್ತೋಲೆಗಳು ಬದಲಾಗುತ್ತ ಬಂದಿವೆ, ವ್ಯಾಜ್ಯಗಳೂ ನಡೆದಿವೆ, 2024ರಲ್ಲಿ ಬೆಂಗಳೂರಿನಲ್ಲಿ ವಿರೋಧದ ದನಿಯೂ ಎದ್ದಿತು. ಮಂಡ್ಯದ ಅಥವಾ ತುಮಕೂರಿನ ಹುಡುಗನ ಅಸಮಾಧಾನವನ್ನು ಪೂರಾ ತಳ್ಳಿಹಾಕಲಾರೆ, ಏಕೆಂದರೆ ಪಾವಗಡ, ಶಿರಾದಂಥ ತಾಲೂಕುಗಳೂ ಬರ ಉಂಡು ಬೆಳೆದವೇ. ಆದರೆ ನಾಲ್ಕು ದಶಕ ಹುದ್ದೆಗಳೇ ಖಾಲಿ ಉಳಿದಿದ್ದಾಗ, ಇಲ್ಲಿಗೆ ವರ್ಗವಾದವರು ಅದನ್ನು ಶಿಕ್ಷೆಯೆಂದು ಬಗೆದು ಮರುತಿಂಗಳೇ ಬೆಂಗಳೂರಿನ ಕಡೆ ಮುಖ ಮಾಡುತ್ತಿದ್ದಾಗ, ಸಮಾನ ಅವಕಾಶದ ಮಾತನ್ನು ಯಾರೂ ಎತ್ತಿರಲಿಲ್ಲ.

7. ಹಿಂದುಳಿದಿರುವಿಕೆಗೆ ಅಂಕಿ-ಸಂಖ್ಯೆಯ ಆಧಾರವಿದೆಯೇ, ಇಲ್ಲವೇ ಅದು ಕೇವಲ ಭಾವನೆಯೇ?

ಆಧಾರವಿದೆ. ಪ್ರೊ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ಕೊಟ್ಟ ವರದಿ 35 ಸೂಚಕಗಳನ್ನು ಇಟ್ಟುಕೊಂಡು ಆಗಿನ 175 ತಾಲೂಕುಗಳನ್ನು ಅಳೆಯಿತು. 114 ತಾಲೂಕುಗಳು ಹಿಂದುಳಿದವು ಎಂದು ಗೊತ್ತಾಯಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತ್ತು.

ವರದಿಯ ಒಂದು ಗುಣವನ್ನು ನಮ್ಮ ಕಡೆಯ ಭಾಷಣಕಾರರು ಹೇಳುವುದೇ ಇಲ್ಲ. ಅದು ಲೆಕ್ಕ ಹಾಕಿದ್ದು ತಾಲೂಕಿನ ಮಟ್ಟದಲ್ಲಿ. ಹಾಗಾಗಿ ದಕ್ಷಿಣದ 13 ತಾಲೂಕುಗಳೂ ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಬಂದವು. ಉತ್ತರವೆಂದರೆ ಪೂರ್ತಿ ಬಡವ, ದಕ್ಷಿಣವೆಂದರೆ ಪೂರ್ತಿ ಸಿರಿವಂತ ಎಂಬ ನಕ್ಷೆಯನ್ನು ಅದು ಒಪ್ಪಲಿಲ್ಲ. ಈ ಮಾತನ್ನು ಬಿಟ್ಟು ಬರೀ 21 ಎಂಬ ಅಂಕಿಯನ್ನು ಎತ್ತಿಕೊಳ್ಳುವುದು ವರದಿಯನ್ನು ಅರ್ಧಕ್ಕೆ ಓದಿದಂತೆ.

ಹಣ ಬರುತ್ತಿಲ್ಲ ಎಂಬ ದೂರು ಈಗ ಮೊದಲಿನಷ್ಟು ನೇರವಾಗಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಆದರೆ ಇಲಾಖೆಗಳು ತಮ್ಮ ಸಾಮಾನ್ಯ ಬಜೆಟ್ಟಿನಿಂದ ಮಾಡಬೇಕಾದ ಶಾಲೆಯ ಕೋಣೆ, ರಸ್ತೆ, ಆಸ್ಪತ್ರೆಯ ಕೆಲಸವನ್ನೂ ಮಂಡಳಿಯ ತಲೆಗೆ ಕಟ್ಟಿದರೆ ವಿಶೇಷ ಅನುದಾನ ವಿಶೇಷವಾಗಿ ಉಳಿಯುವುದಿಲ್ಲ. ಶಿಕ್ಷಕರ ಹುದ್ದೆ ಭರ್ತಿಯಾಗದೆ ಕೋಣೆ ಕಟ್ಟಿದ್ದನ್ನು ನೋಡಬೇಕಾದರೆ ದೇವದುರ್ಗ ಅಥವಾ ಕನಕಗಿರಿಯ ಕಡೆ ಒಂದು ಸುತ್ತು ಹಾಕಿದರೆ ಸಾಕು.

8. ಏಮ್ಸ್, ಐಐಟಿಯಂಥ ಸಂಸ್ಥೆ ಕೇಳುವುದು ಬರೀ ಪ್ರತಿಷ್ಠೆಯ ಪ್ರಶ್ನೆಯೇ?

ಪ್ರತಿಷ್ಠೆ ಇಲ್ಲವೆನ್ನಲಾಗದು. ನಂಜುಂಡಪ್ಪ ವರದಿ ರಾಯಚೂರಿಗೆ ಐಐಟಿ ಸೂಚಿಸಿತ್ತು. 2016ರಲ್ಲಿ ಅದು ಧಾರವಾಡದಲ್ಲಿ ಆರಂಭವಾಯಿತು. ರಾಯಚೂರಿಗೆ 2019ರಲ್ಲಿ ಐಐಐಟಿ ಬಂತು. ಒಂದು ‘ಐ’ ಹೆಚ್ಚೇ ಸಿಕ್ಕಿತಲ್ಲ ಎಂದು ಊರಿನವರು ಕಹಿಯಾಗಿ ನಗೆಯಾಡುವುದುಂಟು. ಏಮ್ಸ್‌ಗಾಗಿ ರಾಯಚೂರಿನಲ್ಲಿ 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿತು. ಇದರ ಹಿಂದೆ ಇನ್ನೊಂದು ಲೆಕ್ಕವಿದೆ. 1985ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ 1,720 ಮೆಗಾವಾಟ್. ಬಳ್ಳಾರಿಯ ಕುಡತಿನಿಯದು 1,700. ದೇಶದ ಚಿನ್ನ ಹಟ್ಟಿಯಿಂದ, ಕಬ್ಬಿಣದ ಅದಿರು ಸಂಡೂರಿನಿಂದ ಹೋಗುತ್ತದೆ. ಹಾರುಬೂದಿ, ಕೆಂಧೂಳು ಮತ್ತು ಅದರಿಂದ ಬರುವ ಕೆಮ್ಮು ಇಲ್ಲೇ ಉಳಿಯುತ್ತವೆ. ದೇಶಕ್ಕೆ ಅಗತ್ಯವೆಂದು ಇವನ್ನೆಲ್ಲ ಕೊಟ್ಟ ಜನ ಆ ಕೆಮ್ಮಿಗೆ ಚಿಕಿತ್ಸೆ ಪಡೆಯಲು ಹೈದರಾಬಾದಿಗೋ ಬೆಂಗಳೂರಿಗೋ ರಾತ್ರಿ ಬಸ್ಸು ಹಿಡಿಯುವಂತಾದರೆ, ಆಸ್ಪತ್ರೆ ಕೇಳುವುದನ್ನು ಸಂಕುಚಿತ ಬುದ್ಧಿ ಎನ್ನಲಾಗದು.

9. ಪ್ರತ್ಯೇಕ ರಾಜ್ಯ ಕೇಳುವುದು ದೇಶದ್ರೋಹವೇ?

ಖಂಡಿತ ಅಲ್ಲ. ಸಂವಿಧಾನದ ಮೊದಲ ವಿಧಿ ಭಾರತವನ್ನು ರಾಜ್ಯಗಳ ಒಕ್ಕೂಟ ಎನ್ನುತ್ತದೆ. ಮೂರನೆಯ ವಿಧಿ ರಾಜ್ಯಗಳ ಗಡಿ, ಹೆಸರು, ವಿಸ್ತೀರ್ಣವನ್ನು ಬದಲಿಸುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ. ಸಂಬಂಧಪಟ್ಟ ರಾಜ್ಯದ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು, ಒಪ್ಪಿಗೆಯೇ ಬೇಕೆಂದಿಲ್ಲ. ಹಾಗಾಗಿ ದೇಶದೊಳಗೆ ಹೊಸ ರಾಜ್ಯ ಕೇಳುವುದು ಕಾನೂನುಬದ್ಧ ಬೇಡಿಕೆ. ದೇಶದಿಂದಲೇ ಹೊರಹೋಗುವ ಮಾತು ಬೇರೆ. ರಾಜ್ಯಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದದಿಂದ ಈ ಒಕ್ಕೂಟ ಹುಟ್ಟಿಲ್ಲ, ಆದ್ದರಿಂದ ಯಾವ ರಾಜ್ಯಕ್ಕೂ ಅದನ್ನು ಬಿಡುವ ಹಕ್ಕಿಲ್ಲ ಎಂದು ಅಂಬೇಡ್ಕರ್ ಅವರು 1948ರ ನವೆಂಬರಿನಲ್ಲೇ ಸಂವಿಧಾನ ಸಭೆಗೆ ವಿವರಿಸಿದ್ದರು. ದ್ರಾವಿಡ ನಾಡಿನ ಕೂಗು ಎದ್ದಿದ್ದ ಕಾಲದಲ್ಲಿ, 1963ರ 16ನೇ ತಿದ್ದುಪಡಿ ಚುನಾವಣೆಗೆ ನಿಲ್ಲುವವರು ದೇಶದ ಅಖಂಡತೆಯ ಪ್ರಮಾಣ ಮಾಡಬೇಕೆಂದು ವಿಧಿಸಿತು. ಅಣ್ಣಾದುರೈ ಅವರ ಡಿಎಂಕೆ ಪಕ್ಷ ಪ್ರತ್ಯೇಕ ದೇಶದ ಬೇಡಿಕೆಯನ್ನು ಕೈಬಿಟ್ಟು 1967ರಲ್ಲಿ ಮದರಾಸು ರಾಜ್ಯದಲ್ಲಿ ಅಧಿಕಾರಕ್ಕೇ ಬಂತು. ಭಾಷೆಯ ಬಗೆಗಿನ ತನ್ನ ಹಟವನ್ನು ಮಾತ್ರ ಬಿಡಲಿಲ್ಲ.

ಪ್ರತ್ಯೇಕ ಕಲ್ಯಾಣ ಕರ್ನಾಟಕ ಬೇಕೇ ಎಂಬುದು ಬೇರೆ ಪ್ರಶ್ನೆ. ಬೇಡ ಎಂಬುದು ನನ್ನ ಮತ. ಆದರೆ ಕೇಳುವವರ ಬಾಯಿ ಮುಚ್ಚಿಸುವುದರಿಂದ ಏನಾಗುತ್ತದೆ ಎಂಬುದನ್ನು ತಿಳಿಯಲು ನೆರೆಯ ತೆಲಂಗಾಣವನ್ನು ನೋಡಬೇಕು. ನಾವೂ ಅವರೂ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದೆವು. ತೆಲಂಗಾಣವು ಆಂಧ್ರದೊಂದಿಗೆ ಕೂಡುವ ಮುನ್ನ 1956ರ ಫೆಬ್ರವರಿಯಲ್ಲಿ ನಾಯಕರು ಕೂತು ‘ಸಭ್ಯರ ಒಪ್ಪಂದ’ ಮಾಡಿಕೊಂಡರು. ನೌಕರಿ, ಆದಾಯದ ಬಳಕೆ, ಸಚಿವ ಸ್ಥಾನಗಳ ಬಗ್ಗೆ ಅದರಲ್ಲಿ ಭರವಸೆಗಳಿದ್ದವು. ಅವು ಈಡೇರಲಿಲ್ಲವೆಂದು 1969ರಲ್ಲಿ ಚಳವಳಿ ಸಿಡಿಯಿತು. ಸ್ಥಳೀಯರಿಗೆ ನೌಕರಿ ಕಾಯ್ದಿರಿಸುವ ಮುಲ್ಕಿ ನಿಯಮಗಳನ್ನು 1972ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಾಗ ಆಂಧ್ರ ಭಾಗದವರು ‘ಜೈ ಆಂಧ್ರ’ ಎಂದು ಬೀದಿಗಿಳಿದರು. 1973ರಲ್ಲಿ ಆರು ಅಂಶಗಳ ಸೂತ್ರ ಬಂತು, ಮರುವರ್ಷ 371ಡಿ ಬಂತು. ಇಷ್ಟಾದರೂ 2014ರ ಜೂನ್ 2ರಂದು ರಾಜ್ಯ ಎರಡಾಯಿತು. ಕಾಗದದ ಮೇಲಿನ ರಕ್ಷಣೆಯನ್ನು ಜಾರಿಗೆ ತರುವ ಮನಸ್ಸು ರಾಜಧಾನಿಗೆ ಇಲ್ಲದಿದ್ದರೆ ವಿಧಿಗೆ ಯಾವ ಅಕ್ಷರ ಇಟ್ಟರೂ ಅಷ್ಟೇ. 371ಜೆಯ ಅಡಿಯ ಹುದ್ದೆಗಳನ್ನು ಭರ್ತಿ ಮಾಡಲು ವರ್ಷಾನುಗಟ್ಟಲೆ ಮೀನಮೇಷ ಎಣಿಸುವ ಅಧಿಕಾರಿಗಳು ಈ ಚರಿತ್ರೆಯನ್ನು ಒಮ್ಮೆ ಓದಿಕೊಳ್ಳುವುದು ಒಳಿತು.

2021ರಲ್ಲಿ ರಾಯಚೂರಿನ ಶಾಸಕರೊಬ್ಬರು ಸಭೆಯೊಂದರಲ್ಲಿ, ನಮ್ಮನ್ನು ತೆಲಂಗಾಣಕ್ಕೇ ಸೇರಿಸಿಬಿಡಿ ಎಂದು ಹೇಳಿ ಗದ್ದಲವಾಗಿತ್ತು. ಅದನ್ನು ವಿಲೀನದ ಬೇಡಿಕೆಯೆಂದು ಓದಿದವರು ನಮ್ಮ ಕಡೆಯ ಮಾತಿನ ಧಾಟಿ ಅರಿಯದವರು. ನದಿಯಾಚೆಯ ರೈತನಿಗೆ ಅಲ್ಲಿನ ಸರ್ಕಾರದಿಂದ ಎಕರೆಗೆ ಇಷ್ಟೆಂದು ಸಹಾಯಧನ ಬರುವುದನ್ನು ಈಚೆಯವರು ನೋಡುತ್ತ ಕೂತಿದ್ದ ಕಾಲವದು.

10. ಅಮೆರಿಕದ ಅಂತರ್ಯುದ್ಧವನ್ನು ಪ್ರಾದೇಶಿಕತೆಯ ಅಪಾಯಕ್ಕೆ ಉದಾಹರಣೆಯಾಗಿ ಕೊಡುತ್ತಾರಲ್ಲ?

ಕೊಡುತ್ತಾರೆ, ಆದರೆ ಆ ಚರಿತ್ರೆಯನ್ನು ಪೂರ್ತಿ ನೋಡಬೇಕು. ಅಲ್ಲಿ ಉತ್ತರ ಮತ್ತು ದಕ್ಷಿಣದ ಜಗಳ ನಾಲ್ಕು ದಶಕ ಒಪ್ಪಂದಗಳಲ್ಲೇ ಸಾಗಿತು. 1820ರ ಮಿಸೌರಿ ಒಪ್ಪಂದ ಗುಲಾಮಗಿರಿಯ ಹೊಸ ಸೀಮೆಗಳಿಗೆ ಒಂದು ಗಡಿಗೆರೆ ಹಾಕಿತು. 1832ರಲ್ಲಿ ಆಮದು ಸುಂಕದ ಕಾನೂನನ್ನು ತನ್ನ ಮಟ್ಟಿಗೆ ರದ್ದೆಂದು ದಕ್ಷಿಣ ಕೆರೊಲೈನಾ ಘೋಷಿಸಿದಾಗ, ಅಧ್ಯಕ್ಷ ಜಾಕ್ಸನ್ ಬಲಪ್ರಯೋಗದ ಕಾನೂನನ್ನು ಪಡೆದರು. ಜೊತೆಯಲ್ಲೇ ಸುಂಕ ಇಳಿಸುವ ರಾಜಿಯೂ ಆಯಿತು. ಅಂದರೆ ಸುಂಕದ ಜಗಳವನ್ನು ಹಂಚಿಕೆಯಿಂದ ತೀರಿಸಬಹುದಾಗಿತ್ತು, ತೀರಿಸಿದರು ಕೂಡ. ತೀರದೆ ಉಳಿದದ್ದು ಗುಲಾಮಗಿರಿ. 1860ರಲ್ಲಿ ಲಿಂಕನ್ ಗೆದ್ದ ಮೇಲೆ 11 ರಾಜ್ಯಗಳು ಒಕ್ಕೂಟ ಬಿಟ್ಟವು. 1861ರಿಂದ 1865ರವರೆಗಿನ ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ದಕ್ಷಿಣದವರು ಕೇಂದ್ರದಿಂದ ಸ್ವಾತಂತ್ರ್ಯ ಕೇಳಿದರು, ತಮ್ಮ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಲಕ್ಷಾಂತರ ಕರಿಯರಿಗೆ ಅದನ್ನು ಕೊಡಲು ಒಪ್ಪಲಿಲ್ಲ. ಎರಡನೆಯ ಪ್ರಶ್ನೆಯಲ್ಲಿ ಹೇಳಿದ ಪರೀಕ್ಷೆಯಲ್ಲಿ ಅವರ ಬೇಡಿಕೆ ಸೋಲುವುದು ಇಲ್ಲಿ. ನೀರು, ನೌಕರಿ, ಅನುದಾನ ಕೇಳುವ ನಮ್ಮ ಬೇಡಿಕೆಗಳನ್ನು ಅದರ ಪಕ್ಕದಲ್ಲಿಟ್ಟು ಬೆದರಿಸುವುದು ಸರಿಯಲ್ಲ.

11. ‘ನಮ್ಮ ತೆರಿಗೆ ನಮ್ಮ ಹಕ್ಕು’ ಎಂಬ ವಾದವನ್ನು ಕಲ್ಯಾಣ ಕರ್ನಾಟಕದವರು ಬೆಂಬಲಿಸಬೇಕೇ?

ಎಚ್ಚರದಿಂದ. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. 2024ರ ಫೆಬ್ರವರಿ 7ರಂದು ರಾಜ್ಯ ಸರ್ಕಾರವೇ ದಿಲ್ಲಿಯ ಜಂತರ್ ಮಂತರಿನಲ್ಲಿ ಧರಣಿ ಕೂತಿತು. ಇಳಿಕೆ ತೀವ್ರವಾಗಿತ್ತು, ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ರಾಜ್ಯಕ್ಕೆ ಅದರಿಂದಲೇ ನಷ್ಟವಾಗಬಾರದು ಎಂಬ ವಾದಗಳು ಗಟ್ಟಿಯಾದವು.

ಆದರೆ ಕೊಟ್ಟಷ್ಟು ತೆರಿಗೆ ಕೊಟ್ಟವರಿಗೇ ಮರಳಬೇಕು ಎಂಬ ತತ್ವಕ್ಕೆ ರಾಯಚೂರಿನವರು ಜೈ ಎನ್ನುವ ಮೊದಲು ಅದರ ಮುಂದಿನ ಹೆಜ್ಜೆಯನ್ನು ಯೋಚಿಸಬೇಕು. ರಾಜ್ಯದ ತೆರಿಗೆಯ ಸಿಂಹಪಾಲು ಬೆಂಗಳೂರಿನಲ್ಲಿ ಸಂಗ್ರಹವಾಗುತ್ತದೆ. ಅದೇ ತತ್ವವನ್ನು ನಾಳೆ ಬೆಂಗಳೂರಿನವರು ರಾಜ್ಯದೊಳಗೆ ಅನ್ವಯಿಸಿದರೆ ಕೊಪ್ಪಳಕ್ಕೆ ಬರುವ ಹಣವೆಷ್ಟು? ಬಿಹಾರಕ್ಕೇಕೆ ಕೊಡಬೇಕು ಎಂದು ಕೇಳುವ ದನಿಯೇ ಬೀದರಿಗೇಕೆ ಕೊಡಬೇಕು ಎಂದೂ ಕೇಳಬಲ್ಲದು. ಬಡ ಪ್ರದೇಶಕ್ಕೆ ಹೆಚ್ಚು ಸಲ್ಲಬೇಕೆಂಬ ನಿಯಮದ ಮೇಲೆ 371ಜೆ ಪಡೆದವರು, ಆ ನಿಯಮ ದೇಶದ ಮಟ್ಟದಲ್ಲಿ ನಡೆಯಬಾರದು ಎಂದು ವಾದಿಸಲು ಬಾರದು. ಹಂಚಿಕೆಯ ಸೂತ್ರ ಯಾವುದು, ಹಂಚಲಾಗದ ಸೆಸ್ಸು ಮತ್ತು ಸರ್ಚಾರ್ಜು ಎಷ್ಟಿರಬೇಕು, ಯಾವ ವರ್ಷದ ಜನಗಣತಿ ಹಿಡಿಯಬೇಕು ಎಂಬುದರ ಮೇಲೆ ಜಗಳ ಆಡೋಣ. ಆಡಲು ಅಲ್ಲಿ ಬೇಕಾದಷ್ಟು ಇದೆ.

12. ಒಂದೇ ಪ್ರದೇಶದೊಳಗಿನ ಜಗಳಗಳನ್ನು ಏನೆಂದು ಕರೆಯಬೇಕು?

ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಒಂದು ದಿನ ನಡೆದರೆ ಒಕ್ಕೂಟ ವ್ಯವಸ್ಥೆಯ ಎಲ್ಲ ತಕರಾರುಗಳೂ ಕಣ್ಣಿಗೆ ಬೀಳುತ್ತವೆ. ಮುನಿರಾಬಾದಿನಲ್ಲಿ ಹೊರಡುವ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ಸಿರವಾರ, ರಾಯಚೂರು ತಾಲೂಕುಗಳ ಕಡೆ ಇನ್ನೂರು ಕಿಲೋಮೀಟರಿಗೂ ಮೀರಿ ಹರಿಯಬೇಕು. ಯೋಜನೆ ಮಾಡಿದವರು ಹೆಚ್ಚಿನ ಜಮೀನಿಗೆ ಗೊತ್ತುಮಾಡಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ. ಆದರೆ ಮೇಲ್ಭಾಗದಲ್ಲಿ ನೀರು ಕೈಗೆಟುಕಿದ ಕೂಡಲೇ ಭತ್ತ ಬಂತು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು ಆ ಬೇಸಾಯ ತೋರಿಸಿಕೊಟ್ಟರು, ಸ್ಥಳೀಯರು ಬಹುಬೇಗ ಕಲಿತರು. ಅಕ್ಕಿ ಗಿರಣಿಗಳು ಎದ್ದವು, ಗಂಗಾವತಿ ಅಕ್ಕಿಯ ಪೇಟೆಯಾಯಿತು.

ಕೆಳಭಾಗದ ರೈತರಿಗೆ ಗೊತ್ತಿರುವ ಭೂಗೋಳ ಬೇರೆ. ಅವರು 69ನೇ ಮೈಲಿನಲ್ಲಿ ಗೇಜ್ ಎಷ್ಟಿದೆ, 104ನೇ ಮೈಲಿನಲ್ಲಿ ಎಷ್ಟಿದೆ ಎಂದು ಕೇಳಿಕೊಂಡು ಬದುಕುವವರು. ಅಲ್ಲಿ ಅಡಿಯ ಗುರುತು ಹಾಕಿದ ಪಟ್ಟಿಯ ಮೇಲೆ ನೀರು ಗೊತ್ತುಮಾಡಿದ ಮಟ್ಟಕ್ಕೆ ಏರದಿದ್ದರೆ ಹತ್ತಿಗೂ ಮೆಣಸಿನಕಾಯಿಗೂ ಕೊನೆಯ ನೀರು ತಪ್ಪುತ್ತದೆ. ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯಲ್ಲಿ ಸರದಿ ನಿಗದಿಯಾಗುತ್ತದೆ, ಕಾಲುವೆಯುದ್ದಕ್ಕೂ ನಿಷೇಧಾಜ್ಞೆ ಬೀಳುತ್ತದೆ, ಪೊಲೀಸರು ಗಸ್ತು ತಿರುಗುತ್ತಾರೆ. ರಾತ್ರಿಯಾದರೆ ಏರಿಯ ಕೆಳಗಿನಿಂದ ಪೈಪು ಇಳಿದು ಪಂಪ್‌ಸೆಟ್ಟು ಸದ್ದು ಮಾಡುತ್ತದೆ. ಕಳ್ಳತನ ಮಾಡಿದವರೂ ಕಳೆದುಕೊಂಡವರೂ ಕಲ್ಯಾಣ ಕರ್ನಾಟಕದವರೇ, ಅನೇಕ ವೇಳೆ ಒಂದೇ ಪಕ್ಷದವರು, ಬೆಂಗಳೂರಿನ ವಿರುದ್ಧದ ಧರಣಿಯಲ್ಲಿ ಒಂದೇ ಜಮಖಾನೆಯ ಮೇಲೆ ಕೂರುವವರು. ಬೆಂಗಳೂರು ನಮ್ಮ ಪಾಲನ್ನು ಕಸಿಯಿತು ಎನ್ನುವ ಮೇಲ್ಭಾಗದ ಮುಖಂಡರು ಮಾನ್ವಿಯವರು ಪಾಲು ಕೇಳಿದಾಗ, ನೀರು ಇರುವುದೇ ಇಷ್ಟು, ಏನು ಮಾಡುವುದು ಎನ್ನುತ್ತಾರೆ. ಬೆಂಗಳೂರೂ ನಮಗೆ ಹೇಳುವುದು ಅದನ್ನೇ.

13. ಈ ಭಾಗದಲ್ಲಿ ತೆಲುಗು, ಉರ್ದು ಮಾತನಾಡುವವರು ಪ್ರಾದೇಶಿಕ ಹಕ್ಕಿನಲ್ಲಿ ಸೇರುತ್ತಾರೆಯೇ?

ಸೇರುತ್ತಾರೆ. 371ಜೆ ನೋಡುವುದು ಹುಟ್ಟಿದ ಊರನ್ನು, ನೆಲೆಸಿದ ಅವಧಿಯನ್ನು. ಭಾಷೆಯ ಹೆಸರಿನಲ್ಲಿ ಜಗಳ ಕಾಯುವವರಿಗೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಾಗಲಿ ರಾಯಚೂರಿನ ಗಂಜಿನಲ್ಲಾಗಲಿ ವ್ಯಾಪಾರ ನಡೆಸಲು ಆಗುವುದಿಲ್ಲ.

14. ತುಂಗಭದ್ರೆಯ ವಿಚಾರದಲ್ಲಿ ಆಂಧ್ರ, ತೆಲಂಗಾಣಗಳೊಂದಿಗೆ ಮುಂದೇನು?

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒಂದು ವಾರದೊಳಗೆ ಹರಿವ ನೀರಿನಲ್ಲೇ ತಾತ್ಕಾಲಿಕ ತಡೆಗೇಟು ಕೂರಿಸಲಾಯಿತು. ಮುಂದೆ ನಿಂತು ಮಾರ್ಗದರ್ಶನ ಮಾಡಿದವರು ಆಂಧ್ರದ ನಿವೃತ್ತ ತಜ್ಞ ಕನ್ನಯ್ಯ ನಾಯ್ಡು. ಆ ವಾರ ಮೂರೂ ರಾಜ್ಯಗಳ ರೈತರು ಒಂದೇ ಸುದ್ದಿಗೆ ಕಾದಿದ್ದರು.

ಗೇಟಿಗಿಂತ ದೊಡ್ಡ ತೊಂದರೆ ಹೂಳಿನದು. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105. ಕಳೆದುಹೋದ ನೀರಿಗೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ಕರ್ನಾಟಕದ್ದು. ಅದಕ್ಕೆ ಉಳಿದೆರಡು ರಾಜ್ಯಗಳೂ ಒಪ್ಪಬೇಕು. ಒಪ್ಪಿಸಲು ಹೋಗುವವರು ಮಾನ್ವಿ ತಾಲೂಕಿನ ರಾಜೋಳಿಬಂಡೆಯ ಆಣೆಕಟ್ಟನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಅಲ್ಲಿಂದ ಹೊರಡುವ ಕಾಲುವೆಯ ನೀರಿನ ಬಹುಪಾಲು ತೆಲಂಗಾಣದ ಗದ್ವಾಲ, ಆಲಂಪುರದ ಕಡೆಯ 87,500 ಎಕರೆಗೆ ಸಲ್ಲಬೇಕಾದದ್ದು, ಮತ್ತು ತಮಗೆ ಬರುವುದು ಅದರ ಅಲ್ಪ ಭಾಗ ಎಂದು ಅಲ್ಲಿನ ಕೊನೆಯಂಚಿನ ರೈತರು ದಶಕಗಳಿಂದ ದೂರುತ್ತಿದ್ದಾರೆ. ನವಲಿಯ ಮಾತುಕತೆಯ ಮೇಜಿನ ಮೇಲೆ ಅವರ ದೂರನ್ನೂ ಕರ್ನಾಟಕವೇ ಮೊದಲು ಇಟ್ಟರೆ ಒಪ್ಪಿಗೆ ಬೇಗ ಸಿಗಬಹುದು. ನವಲಿ ಸುತ್ತಲಿನ ಹಳ್ಳಿಗಳಲ್ಲಿ ಮುಳುಗುವ ಜಮೀನಿಗೆ ಯಾವ ದರದಲ್ಲಿ ಪರಿಹಾರ ಎಂಬುದನ್ನು ಮಾತ್ರ ಬೇರೆ ಯಾವ ರಾಜ್ಯವನ್ನೂ ಕಾಯದೆ ಇಲ್ಲಿಯೇ, ಈಗಲೇ ತೀರ್ಮಾನಿಸಬಹುದು.